ಹೇಮಾವತಿ ಇಲ್ಲದ ಏಪ್ರಿಲ್

ಹೊಳಲ್ಕೆರೆಯ ಆ ಓಣಿಯಲ್ಲಿ ಚಿಕ್ಕತಿಮ್ಮಪ್ಪನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ರೈಲ್ವೆ ಅಳಿಯ’ ಅಂದರೆ ಎಲ್ಲರಿಗೂ ಗೊತ್ತು. ಕೆಲಸ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಎಂಜಿನ್ ಬಿಚ್ಚಿ ಜೋಡಿಸುವುದು, ಬಾವುಟ ತೋರಿಸುವುದು, ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಹೋಗುವಂತೆ ನೋಡಿಕೊಳ್ಳುವುದು. ವಾಸ ಮಾತ್ರ ಹೆಂಡತಿಯ ತವರುಮನೆಯಲ್ಲಿ. ಹಿರಿಯೂರು ಕಡೆಯ ಹಳ್ಳಿಯಲ್ಲಿದ್ದ ಅವನ ಅಪ್ಪನ ಮನೆ ತಮ್ಮನ ಪಾಲಿಗೆ ಹೋಗಿತ್ತು. ಇಲ್ಲಿ ಮಾವ ತಿಪ್ಪಯ್ಯ ಅಡಿಕೆ ಮಂಡಿಯಲ್ಲಿ ಹಮಾಲಿ ಮಾಡಿ, ಕಲ್ಲು ಮಣ್ಣು ತಾನೇ ಹೊತ್ತು ಕಟ್ಟಿಸಿದ ಎರಡು ಕೋಣೆಯ ಮನೆ ಇತ್ತು. ಒಬ್ಬಳೇ ಮಗಳು ಹೇಮಾವತಿ. ಮದುವೆಯಾದ ಮೇಲೆ ಮಗಳು ಗಂಡನ ಮನೆಗೆ ಹೋಗುವ ಬದಲು ಗಂಡನೇ ಟ್ರಂಕು ಹಿಡಿದು ಇಲ್ಲಿಗೆ ಬಂದ. ತಿಪ್ಪಯ್ಯ ತೀರಿಕೊಂಡ ಮೇಲೆ ಅತ್ತೆ ಮಲ್ಲಕ್ಕ, “ನನಗ್ಯಾಕೆ, ಮಗಳ ಹೆಸರಿಗೇ ಮಾಡ್ರಿ” ಅಂದಿದ್ದಕ್ಕೆ ಮನೆಯ ಖಾತೆ ಹೇಮಾವತಿಯ ಹೆಸರಿಗೆ ಬಂತು.

ನಮ್ಮ ಕಡೆ ಹಳೇ ಕಾಲದವರ ಮನೆಗಳಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಮಲ್ಲಕ್ಕ ಆ ರೂಢಿಯನ್ನು ಒಂದು ದಿನವೂ ಮುರಿದವಳಲ್ಲ. ಅಳಿಯನ ಹೆಜ್ಜೆ ಸಪ್ಪಳ ಕೇಳಿದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡಿಗೆಮನೆ ಬಾಗಿಲ ಮರೆಗೆ ಸರಿಯುತ್ತಿದ್ದಳು. ಹೇಳಬೇಕಾದ್ದೆಲ್ಲ ಮಗಳ ಮೂಲಕ. “ರಾಗಿ ಮುಗೀತು ಅಂತ ಹೇಳವ್ವ.” “ಅವರ ಅಂಗಿ ಗುಂಡಿ ಕಿತ್ತೈತೆ ನೋಡು.” ಅವನ ಉತ್ತರವೂ ಹೇಮಾವತಿಗೇ. ಇಷ್ಟು ಸಣ್ಣ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಇರುತ್ತದೆಯೇ? ಆದರೂ ಹೇಮಾವತಿ ಇನ್ನೊಂದು ಸಲ ಹೇಳಿದ ಮೇಲೇ ಅದು ತಲುಪಿದ ಲೆಕ್ಕ. ಹೇಳುವಾಗ ಅವಳು ಖಾರ ಇದ್ದ ಕಡೆ ಕಡಿಮೆ ಮಾಡಿ, ಸಪ್ಪೆ ಇದ್ದ ಕಡೆ ಒಂದಿಷ್ಟು ಸೇರಿಸಿ ದಾಟಿಸುತ್ತಿದ್ದಳು. ಹಾಗಾಗಿ ಅತ್ತೆ ಅಳಿಯನ ನಡುವೆ ಯಾವತ್ತೂ ಜಗಳ ಆಗಲಿಲ್ಲ.

ಹೇಮಾವತಿ ಜಗುಲಿಯ ಮೇಲೆ ಹೊಲಿಗೆ ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಬಗ್ಗೆ ಮನೆಯಲ್ಲಿ ಮೊದಮೊದಲು ಮಾತಿತ್ತು, ಆಮೇಲೆ ಅದೂ ನಿಂತಿತು. ಗ್ಯಾಸು, ಕರೆಂಟು, ನಲ್ಲಿಯಲ್ಲಿ ನೀರು ಬಿಡುವ ಸರದಿ, ನೆಂಟರ ಮದುವೆಯ ಮುಯ್ಯಿ, ಎಲ್ಲ ಅವಳ ತಲೆಯೊಳಗೆ. ಮನೆ ಕಂದಾಯದ ವಿಷಯದಲ್ಲಂತೂ ಅವಳಿಗೊಂದು ಹಟ ಇತ್ತು. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ರಿಯಾಯಿತಿ. ಯುಗಾದಿ ಕಳೆಯುತ್ತಲೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಪಂಚಾಯಿತಿ ಕಚೇರಿಗೆ ಹೋಗಿ ಕಟ್ಟಿ ಬರುತ್ತಿದ್ದಳು. ರಿಯಾಯಿತಿಯಲ್ಲಿ ಉಳಿದ ಪುಡಿಗಾಸಿಗೆ ಮೈಸೂರುಪಾಕು. “ನಮ್ಮಪ್ಪ ಬೆನ್ನ ಮ್ಯಾಲೆ ಹೊತ್ತು ಕಟ್ಟಿದ ಮನೆ. ಬಾಕಿ ಅಂತ ಯಾರೂ ಅನ್ನಬಾರ್ದು” ಎನ್ನುತ್ತಿದ್ದಳು.

ಸಂಕ್ರಾಂತಿಯ ಆಸುಪಾಸಿನ ಚಳಿಯಲ್ಲಿ ಅವಳು ಜ್ವರ ಎಂದು ಮಲಗಿದಳು. ಎದೆಯಲ್ಲಿ ಕಫ ಕಟ್ಟಿತು. ಚಿತ್ರದುರ್ಗಕ್ಕೆ ಕರೆದೊಯ್ದರು, ಅಲ್ಲಿಂದ ದಾವಣಗೆರೆಗೆ. ಒಂದು ಬೆಳಿಗ್ಗೆ ಎದ್ದು ಕೂತು, ಇಡ್ಲಿ ತಿನ್ನಬೇಕು ಅನಿಸುತ್ತಿದೆ ಅಂದಳು. ಚಿಕ್ಕತಿಮ್ಮಪ್ಪ ಕೆಳಗಿಳಿದು ಇಡ್ಲಿ ಕಟ್ಟಿಸಿಕೊಂಡು ಬಂದ. ಅರ್ಧ ತಿಂದಳು. ಸಂಜೆಗೆ ಹೋಗಿಬಿಟ್ಟಳು. ಇಡ್ಲಿ ತಿಂದವಳು ಹೇಗೆ ಹೋಗುತ್ತಾಳೆ ಎಂಬುದು ಅವನಿಗೆ ಅರ್ಥವಾಗಲಿಲ್ಲ. ಮಣ್ಣು ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದ. ಯಾರನ್ನಾದರೂ ಕೇಳಬೇಕು ಅನಿಸಿತು. ಇಂಥದ್ದನ್ನೆಲ್ಲ ಅವನು ಕೇಳುತ್ತಿದ್ದುದು ಹೇಮಾವತಿಯನ್ನೇ.

ಹನ್ನೊಂದನೆಯ ದಿನದ ಊಟಕ್ಕೆ ಹೊಸದುರ್ಗದಿಂದ ಮಲ್ಲಕ್ಕನ ತಂಗಿ ಓಬಮ್ಮನ ಮಗ ದುರ್ಗೇಶ್ ಬಂದಿದ್ದ. ಎಲೆ ಎತ್ತಿದ ಮೇಲೆ ಎಲ್ಲರ ಎದುರಿಗೂ, “ದೊಡ್ಡಮ್ಮ ಇನ್ನು ನಮ್ಮನೆಗೆ ಬರ್ಲಿ. ಇಲ್ಲಿ ಅವಳಿಗೆ ಯಾರಿದಾರೆ?” ಅಂದ. ಮಾತು ಒಳ್ಳೆಯ ಮನಸ್ಸಿನದೇ. ಚಿಕ್ಕತಿಮ್ಮಪ್ಪನಿಗೆ, ‘ಅತ್ತೆ ಬೇಡ ಅಂದಾರು’ ಅನಿಸಿತು. ಬಾಗಿಲ ಮರೆಯಲ್ಲಿದ್ದ ಮಲ್ಲಕ್ಕನಿಗೆ, ‘ಅಳಿಯಂದ್ರು ಇರ್ಲಿ ಅಂತ ಒಂದು ಮಾತು ಅಂದಾರು’ ಅನಿಸಿತು. ಇಬ್ಬರೂ ಸುಮ್ಮನಿದ್ದರು. ಸುಮ್ಮನಿದ್ದುದನ್ನೇ ಒಪ್ಪಿಗೆ ಎಂದುಕೊಂಡು ದುರ್ಗೇಶ್, “ಬ್ಯಾಸಿಗೆ ಕಾಲಕ್ಕೆ ಬಂದು ಬಿಡವ್ವ” ಎಂದು ಹೇಳಿ ಹೋದ.

ನೆಂಟರೆಲ್ಲ ಹೋದ ಮೇಲೆ ಆ ಮನೆಯಲ್ಲಿ ಮಾತಿಗೆ ದಾರಿಯೇ ಇಲ್ಲದಂತಾಯಿತು. ಅಡಿಗೆಯಾದರೆ ಮಲ್ಲಕ್ಕ ಒಲೆಯ ಕಡೆ ಮುಖ ಮಾಡಿ, “ಮುದ್ದೆ ಆರಿ ಹೋಗ್ತೈತೆ” ಎನ್ನುತ್ತಿದ್ದಳು. ಅವನು ಬಂದು ಗೋಡೆಯ ಕ್ಯಾಲೆಂಡರಿಗೆ, “ಇವತ್ತು ರಾತ್ರಿ ಪಾಳಿ, ನಾಳೆ ಬೆಳಿಗ್ಗೆ ಬರೋದು” ಎಂದು ಹೇಳಿ ಹೋಗುತ್ತಿದ್ದ. ಎಷ್ಟೋ ಸಲ ಹೇಳಿದ್ದು ಯಾರಿಗೆ, ಕೇಳಿಸಿಕೊಂಡವರು ಯಾರು ಎಂಬುದೇ ತಿಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದ ದಿನವೂ ಇತ್ತು, ಬೀಳದ ದಿನವೂ ಇತ್ತು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ರವಿಕೆ ಬಟ್ಟೆ ಕೊಟ್ಟಿದ್ದ ಹೆಂಗಸರು ಬರತೊಡಗಿದರು. ಸಾವಿನ ಮನೆಯಲ್ಲಿ ಬಟ್ಟೆ ಕೇಳುವುದು ಹೇಗೆ ಎಂದು ಸಂಕೋಚಪಟ್ಟುಕೊಂಡೇ ಬಂದರು. ಯಾವುದು ಯಾರದು ಎಂಬುದು ಚಿಕ್ಕತಿಮ್ಮಪ್ಪನಿಗೆ ಗೊತ್ತಿಲ್ಲ, ಮಲ್ಲಕ್ಕನಿಗೆ ಕಣ್ಣು ಮಂಜು. ಕೊನೆಗೆ ಒಂದು ಭಾನುವಾರ ಅವನು ಗಂಟು ಬಿಚ್ಚಿ ಎಲ್ಲವನ್ನೂ ಜಗುಲಿಯ ಮೇಲೆ ಹಾಸಿಟ್ಟ. ಹೆಂಗಸರು ತಮ್ಮ ತಮ್ಮದನ್ನು ಗುರುತಿಸಿ ಎತ್ತಿಕೊಂಡರು. ಕತ್ತರಿಸಿದ್ದು, ಕತ್ತರಿಸದೆ ಇದ್ದದ್ದು, ಒಂದು ತೋಳು ಮಾತ್ರ ಕೂಡಿಸಿದ್ದು. ತಿಳಿ ನೇರಳೆ ಬಣ್ಣದ ಒಂದು ತುಂಡು ಉಳಿಯಿತು. ಯಾರೂ ತಮ್ಮದೆನ್ನಲಿಲ್ಲ. ಅದು ಹೇಮಾವತಿ ತನಗೇ ತಂದುಕೊಂಡದ್ದಿರಬಹುದು ಎಂದು ಅವನಿಗೆ ಬಹಳ ದಿನ ಬಿಟ್ಟು ಹೊಳೆಯಿತು. ಆಗಲೂ ಖಾತ್ರಿಯಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಕೆಲಸದಲ್ಲೂ ಅವನ ಗಮನ ಅತ್ತಿತ್ತ ಆಗತೊಡಗಿತ್ತು. ಒಂದು ಮಧ್ಯಾಹ್ನ ಯಾವ ಗಾಡಿಯೂ ಬರುವ ಹೊತ್ತಲ್ಲದ ಹೊತ್ತಿನಲ್ಲಿ ಬಾವುಟ ಹಿಡಿದು ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿದ್ದ. ಸ್ಟೇಷನ್ ಮಾಸ್ಟರ್ ಶ್ರೀನಿವಾಸ್ ಅವನನ್ನು ಒಳಗೆ ಕರೆದು ಕೂರಿಸಿ ಟೀ ತರಿಸಿದರು. “ಬಸ್ಸಿನಾಗೆ ಓಡಾಡಿ ಓಡಾಡಿ ಸುಸ್ತಾಗಿದೀರಿ ಚಿಕ್ಕತಿಮ್ಮಪ್ಪ. ಇಲ್ಲೇ ಒಂದು ಕ್ವಾರ್ಟರ್ಸ್ ಖಾಲಿ ಆಗ್ತೈತೆ. ಅರ್ಜಿ ಕೊಡ್ರಿ, ನಾನು ಬರೀತೀನಿ” ಅಂದರು. ಅವನು ಯೋಚಿಸಿದ. ಬೇಸಿಗೆಗೆ ಅತ್ತೆ ಹೊಸದುರ್ಗಕ್ಕೆ ಹೋಗುತ್ತಾರೆ. ಆಮೇಲೆ ಆ ಮನೆಯಲ್ಲಿ ತಾನೊಬ್ಬನೇ. ಹೇಮಾವತಿಯೂ ಇಲ್ಲ, ಅವಳ ಅಮ್ಮನೂ ಇಲ್ಲ ಅಂದ ಮೇಲೆ ಆ ಮನೆಗೆ ತಾನು ಯಾರು? ಅರ್ಜಿ ಕೊಟ್ಟ. ಕ್ವಾರ್ಟರ್ಸ್ ಸಿಕ್ಕಿತು. ಏಪ್ರಿಲ್ ಮೂವತ್ತರೊಳಗೆ ಬೀಗದ ಕೈ ತೆಗೆದುಕೊಳ್ಳಬೇಕು ಅಂದರು. ಅವನು ಮನೆಗೆ ಬಂದು ಕ್ಯಾಲೆಂಡರಿಗೆ ಹೇಳಿದ. ಒಲೆ ಏನೂ ಅನ್ನಲಿಲ್ಲ.

ಏಪ್ರಿಲ್ ಕೊನೆಯ ವಾರ ಪಂಚಾಯಿತಿಯ ಆಟೋ ಓಣಿ ಓಣಿ ತಿರುಗಿ ಮೈಕಿನಲ್ಲಿ ಕೂಗಿತು. ತಿಂಗಳ ಕೊನೆಯೊಳಗೆ ಆಸ್ತಿ ತೆರಿಗೆ ಕಟ್ಟಿ ರಿಯಾಯಿತಿ ಪಡೆಯಿರಿ. ಪಾಳಿ ಮುಗಿಸಿ ಬಂದು ಮಲಗಿದ್ದ ಚಿಕ್ಕತಿಮ್ಮಪ್ಪ ಎದ್ದು ಕೂತ. ಈ ವರ್ಷ ಯಾರೂ ಕಟ್ಟಿಲ್ಲ. ರಿಯಾಯಿತಿ ದೊಡ್ಡದಲ್ಲ, ಆದರೆ ಹೇಮಾವತಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳು ತೀರಿಕೊಂಡ ವರ್ಷವೇ ತಪ್ಪಿದರೆ? ಮುಖ ತೊಳೆದು, ಅಂಗಿ ಬದಲಿಸಿ ಹೊರಟ.

ಕಚೇರಿಯಲ್ಲಿ ಸಾಲು ಉದ್ದವಿತ್ತು. ಅವನ ಸರದಿ ಬಂದಾಗ ಕಿಟಕಿಯ ಆಚೆ ಕೂತಿದ್ದ ಆಶಾರಾಣಿ ಎಂಬ ಹೆಣ್ಣುಮಗಳು ತಲೆ ಎತ್ತದೆ ಕೇಳಿದಳು.

“ಯಾರ ಹೆಸರಿನಾಗೈತ್ರಿ ಮನೆ?”

“ಹೇಮಾವತಿ. ಕೋಟೆ ಓಣಿ ಹಿಂದ್ಲದು.”

“ಓ, ಹೊಲಿಗೆ ಹೇಮಕ್ಕನ ಮನೇರಾ? ಅವರೇ ಬರ್ತಿದ್ರಲ್ಲ ಪ್ರತಿ ವರ್ಷ. ಈ ವರ್ಷ ಯಾಕೆ ಬರ್ಲಿಲ್ಲ?”

“ಹೋದ್ಲು.”

“ಊರಿಗಾ?”

ಆಶಾರಾಣಿ ತಲೆ ಎತ್ತಿ ಅವನ ಮುಖ ನೋಡಿದಳು. ಅವಳ ಕೈ ಕೀಬೋರ್ಡಿನ ಮೇಲೇ ನಿಂತಿತು. “ಅಯ್ಯೋ, ಗೊತ್ತಾಗ್ಲಿಲ್ಲ ಅಣ್ಣ” ಎಂದು, ಮೆಲ್ಲಗೆ ಹೇಳಿದಳು: “ಕಂದಾಯ ಯಾರು ಬೇಕಾದ್ರೂ ಕಟ್ಟಬಹುದು, ಅದಕ್ಕೇನಿಲ್ಲ. ಆದ್ರೆ ಖಾತೆ ಬದಲು ಮಾಡಿಸ್ಬೇಕು, ಇಲ್ಲಾಂದ್ರೆ ಮುಂದೆ ತೊಂದ್ರೆ. ಮಕ್ಕಳೆಷ್ಟು?”

“ಇಲ್ಲ.”

“ಮನೆ ನೀವು ಕಟ್ಸಿದ್ದಾ?”

“ನಮ್ಮ ಮಾವ.”

“ನಾನು ವಕೀಲಳಲ್ಲ, ತಿಳಿದೋರ ಹತ್ರ ಕೇಳ್ಕಳ್ರಿ. ನನಗೆ ಗೊತ್ತಿರೋ ಮಟ್ಟಿಗೆ, ಮಕ್ಕಳಿಲ್ದ ಹೆಣ್ಣುಮಗಳಿಗೆ ಅಪ್ಪನಿಂದ ಬಂದ ಆಸ್ತಿ ಗಂಡನಿಗೆ ಬರಲ್ಲ. ತಿರುಗಿ ಅಪ್ಪನ ಕಡೆಗೇ ಹೋಗ್ತೈತೆ. ಹೇಮಕ್ಕನ ತಾಯಿ ಇದಾರಾ?”

“ಇದಾರೆ.”

“ಹಂಗಾದ್ರೆ ಮನೆ ಅಜ್ಜಿದೇ ಆಗಬಹುದು. ಒಂದ್ಸಲ ಅವರನ್ನೂ ಕರ್ಕಂಡು ಬರ್ರಿ.”

ಹಿಂದಿದ್ದವರು ಮುಂದೆ ಸರಿದರು. ಚಿಕ್ಕತಿಮ್ಮಪ್ಪ ಪಕ್ಕಕ್ಕೆ ಸರಿದು ಹೊರಗೆ ಬಂದ. ಬಸ್ ನಿಲ್ದಾಣದವರೆಗೂ ನಡೆದು, ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ನೆನಪಾಯಿತು, ತಾನು ಕಂದಾಯ ಕಟ್ಟಲೇ ಇಲ್ಲ.

ಅವನಿಗೆ ಮನೆಯ ಆಸೆಯಾಗಲಿ ದುಃಖವಾಗಲಿ ಆಗಲಿಲ್ಲ. ದಾರಿ ತಪ್ಪಿದಂತಾಯಿತು ಅಷ್ಟೆ. ಮನೆ ಯಾರದು ಎಂಬ ಪ್ರಶ್ನೆಯೇ ಇದುವರೆಗೆ ಹುಟ್ಟಿರಲಿಲ್ಲ. ಅದು ಹೇಮಾವತಿಯ ಮನೆ. ಈಗ ಮನೆಯ ಒಡತಿ ಗಂಟು ಕಟ್ಟಿಕೊಂಡು ತಂಗಿಯ ಮನೆಗೆ ಹೊರಟಿದ್ದಾಳೆ, ಒಡೆಯನಲ್ಲದ ತಾನು ಬಾಗಿಲಿಗೆ ಬೀಗ ಹಾಕಲು ನಿಂತಿದ್ದೇನೆ. ಇದನ್ನು ಅವರಿಗೆ ಹೇಳಬೇಕು. ಹೇಗೆ ಹೇಳುವುದು?

ಆ ಸಂಜೆ ಕ್ಯಾಲೆಂಡರಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಅಂದ: “ಮನೆ ಖಾಲಿ ಮಾಡೋ ಮುಂಚೆ ಕಂದಾಯ ಕಟ್ಟಬೇಕು. ಮನೆ ಹೆಸರು ಬದಲಾಗ್ಬೇಕಂತೆ. ಅತ್ತೆಯವರೂ ಬಂದು ಹೆಬ್ಬೆಟ್ಟು ಒತ್ತಬೇಕಾಗ್ತೈತೆ.”

ಬಾಗಿಲ ಮರೆಯಲ್ಲಿ ಮಲ್ಲಕ್ಕನಿಗೆ ಮೂರು ಮಾತು ಕೇಳಿಸಿದವು. ಖಾಲಿ, ಹೆಸರು ಬದಲು, ಹೆಬ್ಬೆಟ್ಟು. ಅಳಿಯ ಮನೆ ಮಾರುತ್ತಿದ್ದಾನೆ ಎಂದು ಅವಳು ತಿಳಿದಳು. ಸಿಟ್ಟು ಬರಲಿಲ್ಲ. ಹೆಂಡತಿ ಸತ್ತವನು, ಇನ್ನೊಂದು ಮದುವೆಯಾದಾನು, ದುಡ್ಡು ಬೇಕಾದೀತು ಅಂದುಕೊಂಡಳು. ಒಲೆಯ ಕಡೆ ತಿರುಗಿ, “ಒತ್ತಕ್ಕೇನು, ಒತ್ತೋದೇ. ಮಗಳೇ ಹೋದ ಮ್ಯಾಲೆ ಗೋಡೆ ಕಟ್ಕಂಡು ಏನ್ ಮಾಡ್ಲಿ” ಅಂದಳು.

ಅತ್ತೆಗೆ ಎಲ್ಲ ಮೊದಲೇ ಗೊತ್ತಿದೆ, ಮನೆ ತನ್ನದೆಂದು ತಿಳಿದೂ ಬೇಡ ಅನ್ನುತ್ತಿದ್ದಾರೆ ಎಂದು ಅವನು ತಿಳಿದ. ಮರುದಿನ, ಅದರ ಮರುದಿನ ಅವನಿಗೆ ಬಿಡುವಿಲ್ಲದ ಪಾಳಿ. ಹೀಗೆ ಮೂವತ್ತನೆಯ ತಾರೀಖು ಬಂದೇ ಬಿಟ್ಟಿತು.

ಅಂದು ಬೆಳಿಗ್ಗೆ ತಿಪ್ಪೇಶ್ ಎಂಬ ಡ್ರೈವರ್ ತನ್ನ ಲಗೇಜ್ ಆಟೋವನ್ನು ಓಣಿಯೊಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಅಂಗಳದಲ್ಲಿ ಎರಡು ರಾಶಿ ಬಿದ್ದಿದ್ದವು. ಒಂದು ಚಿಕ್ಕಜಾಜೂರಿಗೆ ಹೋಗುವುದು: ಮಂಚ, ಬೀರು, ಗ್ಯಾಸಿನ ಒಲೆ. ಇನ್ನೊಂದು ಮಲ್ಲಕ್ಕನದು: ಒಂದು ಟ್ರಂಕು, ಒಂದು ಬಟ್ಟೆಯ ಗಂಟು, ತಿಪ್ಪಯ್ಯನ ಫೋಟೋ. ಅವಳನ್ನು ಹೊಸದುರ್ಗದ ಬಸ್ಸಿಗೆ ಹತ್ತಿಸುವುದು, ಅಲ್ಲಿ ದುರ್ಗೇಶ್ ಇಳಿಸಿಕೊಳ್ಳುವುದು ಎಂದು ಮಾತಾಗಿತ್ತು. ಎರಡು ರಾಶಿಗೂ ಸೇರದೆ ಹೇಮಾವತಿಯ ಹೊಲಿಗೆ ಮಿಷಿನ್ ಜಗುಲಿಯ ಮೇಲೇ ಇತ್ತು.

“ಈ ಮಿಷಿನ್ ಹತ್ತಿಸ್ಲಾ ಯಜಮಾನ್ರೆ?” ಎಂದ ತಿಪ್ಪೇಶ್.

“ಅದು ಅವರ ಮಗಳದು. ಅವರು ತಗಂಡು ಹೋಗ್ತಾರೇನೋ ಕೇಳಪ್ಪ.”

ತಿಪ್ಪೇಶ್ ಅಡಿಗೆಮನೆ ಕಡೆ ಬಗ್ಗಿ, “ಅಜ್ಜಿ, ಮಿಷಿನ್ ನಿಮ್ಮದಂತೆ” ಅಂದ.

“ನನಗ್ಯಾಕಪ್ಪ? ಹೆಂಡ್ತಿದು ಗಂಡಂಗೆ ಸೇರಿದ್ದು. ಅವರೇ ಒಯ್ಲಿ ಅಂತ ಹೇಳು.”

“ಬ್ಯಾಡ ಅಂತ ಹೇಳಪ್ಪ. ಅವರ ಹತ್ರನೇ ಇರ್ಲಿ.”

“ಹೊಸದುರ್ಗದಾಗೆ ಇನ್ನೊಬ್ರ ಮನೆ ಮೂಲೆನಾಗೆ ಇದನ್ನ ಎಲ್ಲಿಡ್ಲಿ? ಮನೆ ಕೊಂಡ್ಕಂಡೋರಿಗೇ ಬಿಟ್ಟು ಹೋಗ್ಲಿ ಅಂತ ಹೇಳು.”

ತಿಪ್ಪೇಶ್ ಇತ್ತ ತಿರುಗಿದ. “ಮನೆ ಮಾರಿದ್ರಾ? ಯಾರಿಗೆ?”

“ಯಾರು ಮಾರಿದ್ದು?” ಚಿಕ್ಕತಿಮ್ಮಪ್ಪ ಬೆರಗಾದ.

ಒಳಗಿನಿಂದ ಉತ್ತರ ಬಂತು: “ಅವರೇ ಅಂದ್ರಲ್ಲ. ಖಾಲಿ ಮಾಡೋದು, ಹೆಸರು ಬದಲಾಗೋದು, ಹೆಬ್ಬೆಟ್ಟು ಒತ್ತೋದು ಅಂತ.”

ತಿಪ್ಪೇಶ್ ಎತ್ತಿ ಹಿಡಿದಿದ್ದ ಮಿಷಿನ್ನನ್ನು ಅಂಗಳದ ನಡುವೆ ಇಳಿಸಿದ. “ನೋಡ್ರಿ, ನನಗೆ ಸಂಜೆ ಚಿತ್ರದುರ್ಗದಾಗೆ ಇನ್ನೊಂದು ಬಾಡಿಗೆ ಐತೆ. ಇಬ್ರೂ ಇಲ್ಲೇ ಇದೀರಿ, ಇಬ್ರಿಗೂ ಕಿವಿ ಕೇಳಿಸ್ತೈತೆ. ನೀವು ನೀವೇ ಮಾತಾಡ್ಕಳ್ರಿ. ನಾನು ಟೀ ಕುಡ್ದು ಬರ್ತೀನಿ” ಎಂದು ಹೊರಟೇ ಹೋದ.

ಚಿಕ್ಕತಿಮ್ಮಪ್ಪ ಒಳಗೆ ಬಂದು ಗೋಡೆಯ ಕಡೆ ತಿರುಗಿದ. ಕ್ಯಾಲೆಂಡರನ್ನು ಆಗಲೇ ಗೋಡೆಯಿಂದ ಇಳಿಸಿ ಸುತ್ತಿಟ್ಟಾಗಿತ್ತು. ಅವನು ಅಡಿಗೆಮನೆಯ ಹೊಸ್ತಿಲವರೆಗೆ ಬಂದ, ಅದರಾಚೆ ಕಾಲಿಡಲಿಲ್ಲ.

“ಅತ್ತೆ” ಅಂದ.

ಮಲ್ಲಕ್ಕನ ಸೆರಗು ಮೂಗಿನವರೆಗೆ ಬಂತು. ಆದರೆ ಅವಳು ಸರಿದು ಹೋಗಲಿಲ್ಲ.

“ಮಾರಕ್ಕೆ ಮನೆ ನಂದಲ್ಲ ಅತ್ತೆ. ನಿಮ್ಮದಂತೆ.”

“ಯಾರಂದ್ರು?”

“ಪಂಚಾಯ್ತಿನಾಗೆ. ಮಕ್ಕಳಿಲ್ಲ ಅಂದ್ರೆ ಅಪ್ಪನ ಮನೆ ತಿರುಗಿ ತಾಯಿಗೇ ಬರ್ತೈತಂತೆ.”

ಮಲ್ಲಕ್ಕ ಗೋಡೆಗೆ ಒರಗಿ ಕೂತಳು. “ಮಗಳದ್ದು ತಾಯಿಗೆ ಬರ್ತೈತಾ? ಹರಿಯೋ ನೀರು ಮ್ಯಾಕೆ ಹತ್ತೋದುಂಟಾ? ನಾನು ಸತ್ರೆ ಅವಳಿಗೆ ಅಂತಲ್ವಾ ಅವಳಪ್ಪ ಕಟ್ಟಿದ್ದು” ಎಂದು ಅಳತೊಡಗಿದಳು. ಮಗಳು ಹೋದಾಗಲೂ ನೆಂಟರ ನಡುವೆ ಅವಳು ಹೀಗೆ ಅತ್ತಿರಲಿಲ್ಲ. ಭುಜ ಹಿಡಿದು ಸಮಾಧಾನ ಮಾಡುವ ಸಂಬಂಧವಲ್ಲ. ಬಿಟ್ಟು ಹೋಗುವಂತೆಯೂ ಇರಲಿಲ್ಲ. ಚಿಕ್ಕತಿಮ್ಮಪ್ಪ ಹೊರಗಿನ ಕೊಡದಿಂದ ಒಂದು ಲೋಟ ನೀರು ತಂದು ಹೊಸ್ತಿಲ ಮೇಲಿಟ್ಟ. ಅವಳು ಕೈ ಚಾಚಿ ತೆಗೆದುಕೊಂಡು ಕುಡಿದಳು.

ಲೋಟ ಕೆಳಗಿಟ್ಟು ಅವಳೇ ಕೇಳಿದಳು: “ಹಂಗಾದ್ರೆ ನೀವ್ಯಾಕೆ ಹೊಂಟಿದ್ದು?”

“ನೀವು ಹೊಸದುರ್ಗಕ್ಕೆ ಹೋಗ್ತೀರಲ್ಲ, ಒಬ್ಬನೇ ಹೆಂಗಿರ್ಲಿ ಅಂತ.”

“ನಾನು ಹೊಂಟಿದ್ದು ನೀವು ಬ್ಯಾಡ ಅನ್ನಲಿಲ್ಲ ಅಂತ.”

ಹೇಳಬೇಕಾದ್ದನ್ನು ಆಗಲೇ ಹೇಳಿದ್ದರೆ ಈ ಮಂಚ ಬೀರು ಅಂಗಳಕ್ಕೆ ಬರುತ್ತಿರಲಿಲ್ಲ. ಅಥವಾ ಬರುತ್ತಿತ್ತೋ ಏನೋ. ಈ ಮನೆಯಲ್ಲಿ ಇರುವುದೂ ಕಷ್ಟವಾಗಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಕಂದಾಯ ಕಟ್ಟಿದ್ರಾ?” ಅಂದಳು.

“ಇಲ್ಲ.”

“ಇವತ್ತೇ ಕಡೇ ದಿನ ಅಂತ ಕೂಗ್ತಿದ್ರಲ್ಲ. ಅವಳು ಇದ್ದಿದ್ರೆ ಯಾವಾಗ್ಲೋ ಕಟ್ಟಿರೋಳು.” ಅವಳು ಗೋಡೆ ಹಿಡಿದು ಎದ್ದಳು. “ನಡೀರಿ, ಹೋಗಾಣ.”

ತಿಪ್ಪೇಶ್ ಬರುವಷ್ಟರಲ್ಲಿ ಇಬ್ಬರೂ ಬೀದಿಯಲ್ಲಿ ನಿಂತಿದ್ದರು. ಅವನು ಅಂಗಳದ ಸಾಮಾನೆಲ್ಲ ಹೇರಿದ. ಯಾವ ರಾಶಿ ಯಾರದು ಎಂದು ಕೇಳುವ ಗೊಡವೆಗೆ ಹೋಗಲಿಲ್ಲ. ಎಲ್ಲ ಹತ್ತಿತು, ಟ್ರಂಕು, ಗಂಟು, ಮಿಷಿನ್ ಕೂಡ. ಮಲ್ಲಕ್ಕನನ್ನು ಮುಂದೆ ಕೂರಿಸಿ, ಚಿಕ್ಕತಿಮ್ಮಪ್ಪ ಹಿಂದೆ ಮಂಚದ ಕಾಲುಗಳ ನಡುವೆ ಬೀರುವನ್ನು ಹಿಡಿದುಕೊಂಡು ಕೂತ. ಮನೆ ಮಠ ಹೇರಿಕೊಂಡು ಕಂದಾಯ ಕಟ್ಟಲು ಬಂದವರನ್ನು ಕಚೇರಿಯ ಮುಂದಿದ್ದವರು ತಿರುಗಿ ನೋಡಿದರು. ಸಾಲು ಗೇಟಿನವರೆಗೆ ಇತ್ತು. ಮುದುಕಿಯನ್ನು ಕಂಡು ಒಂದಿಬ್ಬರು ದಾರಿ ಬಿಟ್ಟರು, ಒಬ್ಬ ಬಿಡಲಿಲ್ಲ, ಅವನ ಹಿಂದೆ ನಿಂತರು.

ಆಶಾರಾಣಿ ಅವರನ್ನು ಕಂಡು, ಒಳಗಿನಿಂದ ಒಂದು ಕುರ್ಚಿ ಕೊಡಿಸಿದಳು. “ಕುಂತ್ಕಳ್ರಿ ಅಜ್ಜಿ” ಅಂದಳು. ಮಲ್ಲಕ್ಕ ಕೂರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. ದುಡ್ಡು ಚಿಕ್ಕತಿಮ್ಮಪ್ಪ ಕೊಟ್ಟ. ರಸೀದಿ ಹೊರಬಂತು.

“ಏನು ಬರೆದೈತೆ ಓದ್ರಿ” ಎಂದಳು ಮಲ್ಲಕ್ಕ.

ಅವನು ಓದಿದ. “ಹೇಮಾವತಿ, ಕೋಂ ಚಿಕ್ಕತಿಮ್ಮಪ್ಪ.”

“ಅಷ್ಟೇನಾ?”

“ಅಷ್ಟೇ.”

“ಖಾತೆ ಬದಲಾಗೋ ತನಕ ಹಿಂಗೇ ಬರೋದು ಅಜ್ಜಿ” ಎಂದಳು ಆಶಾರಾಣಿ. “ಆದಷ್ಟು ಬೇಗ ಅರ್ಜಿ ಕೊಡ್ರಿ.”

“ಬರ್ಲಿ ಬಿಡವ್ವ. ಈ ವರ್ಷ ಹಿಂಗೇ ಇರ್ಲಿ” ಎಂದಳು ಮಲ್ಲಕ್ಕ.

ಹೊರಗೆ ತಿಪ್ಪೇಶ್ ಎಂಜಿನ್ ಚಾಲೂ ಮಾಡಿ, “ಈಗ ಎಲ್ಲಿಗೆ?” ಅಂದ. ಅಷ್ಟರಲ್ಲಿ ದುರ್ಗೇಶನ ಫೋನು ಬಂತು. ದೊಡ್ಡಮ್ಮ ಯಾವ ಬಸ್ಸಿಗೆ ಹತ್ತಿದಳು ಎಂದು ಕೇಳುತ್ತಿದ್ದ. ಚಿಕ್ಕತಿಮ್ಮಪ್ಪ ಫೋನನ್ನು ಕೈಯಲ್ಲಿ ಹಿಡಿದು ಅತ್ತೆಯ ಮುಖ ನೋಡಿದ. ಹೀಗೆ ನೇರ ನೋಡಿದ್ದು ಅದೇ ಮೊದಲಿರಬೇಕು. ಹಣೆಯ ಅಗಲ ಹೇಮಾವತಿಯದೇ ಎಂಬುದು ಅವನಿಗೆ ಆಗ ಕಾಣಿಸಿತು.

“ಇವತ್ತು ಬರಲ್ಲ ಅಂತ ಹೇಳ್ರಿ.”

“ನಾಳೆ?”

“ನಾಳೆದು ನಾಳೆ. ಆ ರೈಲ್ವೆ ಮನೆ ಹೆಂಗೈತೆ ನೋಡಾಣ.”

ಚಿಕ್ಕಜಾಜೂರಿನ ಕ್ವಾರ್ಟರ್ಸ್ ಹೊಳಲ್ಕೆರೆಯ ಮನೆಗಿಂತ ಸಣ್ಣದು. ಗೂಡ್ಸ್ ಗಾಡಿ ಹೋದರೆ ಗೂಡಿನಲ್ಲಿಟ್ಟ ತಟ್ಟೆಗಳು ಒಂದಕ್ಕೊಂದು ತಗುಲಿ ಸದ್ದು ಮಾಡುತ್ತಿದ್ದವು. ಮಲ್ಲಕ್ಕ ಮೊದಲ ವಾರ ಪ್ರತಿ ಸದ್ದಿಗೂ, “ಯಾರದು?” ಎಂದು ಎದ್ದು ಕೂತಳು. ನಾಳೆ ಎಂದದ್ದು ವಾರವಾಯಿತು, ವಾರ ತಿಂಗಳಾಯಿತು. ಹೊಸದುರ್ಗದಿಂದ ಓಬಮ್ಮನೇ ಬಂದು ನೋಡಿ, “ಮಗಳಿಲ್ದ ಮ್ಯಾಲೆ ಅಳಿಯನ ಜತೆ ಇರೋದೇನಕ್ಕ, ಜನ ಏನಂದಾರು” ಎಂದು ಬೈದು, ಎರಡು ದಿನ ಇದ್ದು, ಹೋಗುವಾಗ ಏನೂ ಅನ್ನದೆ ಹೋದಳು. ಶ್ರೀನಿವಾಸ್ ಒಮ್ಮೆ ರೈಲ್ವೆ ಪಾಸಿನ ವಿಷಯ ಬಂದಾಗ, ತಾಯಿಯಾದರೆ ಹೆಸರು ಸೇರಿಸಬಹುದು, ಅತ್ತೆಗೆ ಅವಕಾಶವಿಲ್ಲ ಅಂದರು. ಹಾಗಾಗಿ ಇಬ್ಬರೂ ರೈಲು ಹತ್ತುವಾಗ ಅವನದು ಪಾಸು, ಅವಳದು ಟಿಕೆಟ್ಟು.

ಗಲಿಬಿಲಿ ಪೂರ್ತಿ ಹೋಯಿತು ಎನ್ನುವಂತಿಲ್ಲ. ಅರ್ಧ ಸಾಮಾನು ಅಲ್ಲಿ, ಅರ್ಧ ಇಲ್ಲಿ. ಜರಡಿ ಬೇಕಾದಾಗ ಅದು ಹೊಳಲ್ಕೆರೆಯಲ್ಲಿ, ಕೊಡೆ ಬೇಕಾದಾಗ ಅದೂ ಅಲ್ಲೇ. ಒಂದೆರಡು ಸಲ ಚಿಕ್ಕತಿಮ್ಮಪ್ಪ ಪಾಳಿ ಮುಗಿಸಿ, ಅಭ್ಯಾಸದ ಕಾಲು ಎಳೆದುಕೊಂಡು ಹೋದಂತೆ ಹೊಳಲ್ಕೆರೆಯ ಬಸ್ಸು ಹತ್ತಿಬಿಟ್ಟ. ಓಣಿ ತಿರುಗಿ, ಬಾಗಿಲಿನ ಬೀಗ ಕಂಡ ಮೇಲೆ ನೆನಪಾಯಿತು. ಬಂದದ್ದಾಯಿತು ಎಂದು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಮುಂದಿನ ಬಸ್ಸಿಗೆ ತಿರುಗಿ ಬಂದ. ಯಾಕೆ ತಡವಾಯಿತು ಎಂದು ಮಲ್ಲಕ್ಕ ಕೇಳಲಿಲ್ಲ. ತಟ್ಟೆ ಮುಂದಿಟ್ಟಳು.

ಮಳೆಗಾಲ ಹಿಡಿದ ಮೇಲೆ ಖಾತೆಯ ವಿಷಯಕ್ಕೆ ಇಬ್ಬರೂ ಚಿತ್ರದುರ್ಗಕ್ಕೆ ಹೋದರು. ಕೋರ್ಟಿನ ಹಿಂದಿನ ಬೀದಿಯಲ್ಲಿದ್ದ ವಕೀಲರು ಪರಮೇಶ್ವರಪ್ಪ ಎಲ್ಲ ಕೇಳಿ, ಕನ್ನಡಕ ತೆಗೆದಿಟ್ಟು ಹೇಳಿದರು. ತಿಪ್ಪಯ್ಯ ಹೋದಾಗ ಮನೆಯಲ್ಲಿ ಅರ್ಧ ಹೆಂಡತಿಗೆ, ಅರ್ಧ ಮಗಳಿಗೆ ಬಂದಿತ್ತು. ಮಗಳಿಗೆ ಅಪ್ಪನಿಂದ ಬಂದ ಅರ್ಧ ಈಗ ತಿರುಗಿ ಮಲ್ಲಕ್ಕನಿಗೆ. ಆದರೆ ಮಲ್ಲಕ್ಕ ಅಂದು ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದಳಲ್ಲ, ಆ ಅರ್ಧಕ್ಕೆ ಚಿಕ್ಕತಿಮ್ಮಪ್ಪ ಹಕ್ಕುದಾರನಾಗಬಹುದು. “ಅಂದ್ರೆ ನನ್ನ ಪಾಲು ಅವರಿಗೆ, ಅವಳ ಪಾಲು ನನಗಾ?” ಎಂದಳು ಮಲ್ಲಕ್ಕ. ಹಾಗೇ ಅಂದುಕೊಳ್ಳಿ ಅಂದರು ಪರಮೇಶ್ವರಪ್ಪ. ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಕೆಲಸ ಸುಲಭ.

“ಅವರಿಗೇ ಬರೀರಿ” ಎಂದಳು ಮಲ್ಲಕ್ಕ.

“ಬ್ಯಾಡ ಸಾರ್, ಅವರಿಗೇ ಇರ್ಲಿ” ಎಂದ ಚಿಕ್ಕತಿಮ್ಮಪ್ಪ.

“ನನಗೆ ಎಷ್ಟು ದಿನ ಆಯಸ್ಸೈತೆ? ಆಮೇಲೆ ಮತ್ತೆ ಹಿಂಗೇ ಓಡಾಡ್ತೀರಾ?”

“ಆವಾಗ ನೋಡಾಣ. ಈಗ ನೀವು ಇದೀರಲ್ಲ.”

ಅವರಿಬ್ಬರೂ ವಕೀಲರನ್ನು ಬಿಟ್ಟು ನೇರವಾಗಿ ಒಬ್ಬರಿಗೊಬ್ಬರು ವಾದಿಸುತ್ತಿದ್ದರು, ಸ್ವಲ್ಪ ಜೋರಾಗಿಯೇ. ಪರಮೇಶ್ವರಪ್ಪ ಬರೆಯಲೆಂದು ಎತ್ತಿದ ಪೆನ್ನನ್ನು ಮತ್ತೆ ಕೆಳಗಿಟ್ಟರು. “ಅದು ಹೋಗ್ಲಿ ಬಿಡ್ರಿ, ಮನೆಗೆ ಹೋಗಿ ಯೋಚ್ನೆ ಮಾಡಿ ಬರ್ರಿ. ಈಗ ಇಷ್ಟು ಹೇಳ್ರಿ, ಸದ್ಯಕ್ಕೆ ಆ ಮನೆಯಾಗೆ ವಾಸ ಯಾರು?”

ಚಿಕ್ಕತಿಮ್ಮಪ್ಪ ಅತ್ತೆಯ ಕಡೆ ನೋಡಿದ.

“ಬಂದು ಹೋಗಿ ಮಾಡ್ತೀವಿ ಸ್ವಾಮಿ” ಎಂದಳು ಮಲ್ಲಕ್ಕ.